ಗೌಂಡಿ ಸಮ ಪಗಾರ

ಹೊಸ ಮನೆಯ ಗೋಡೆಗೆ ಮೊದಲ ಬೇಸಿಗೆಯಲ್ಲೇ ಬಿರುಕು ಬರುತ್ತದೆ. ಒಂದನ್ನು ಮುಚ್ಚಿಸಿ ಕೈ ತೊಳೆಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಬಾಯಿ ಬಿಟ್ಟಿರುತ್ತದೆ. ನನ್ನ ಪಗಾರದ ವಿಷಯದಲ್ಲಿ ನಾಲ್ಕು ಜನರೆದುರು ನಗೆಪಾಟಲಾಗುವ ಪ್ರಸಂಗಗಳೂ ಹಾಗೇ, ಮುಗಿದವು ಅನ್ನುವಂತಿಲ್ಲ.

ನಾನು ಕೊಪ್ಪಳದ ಒಂದು ಖಾಸಗಿ ಕಚೇರಿಯಲ್ಲಿ ಎಂಜಿನಿಯರು. ಡಿಪ್ಲೊಮಾ ಸಿವಿಲ್. ಹದಿನಾಲ್ಕು ವರ್ಷದಿಂದ ಅದೇ ಕುರ್ಚಿ, ಅದೇ ಸಾಹೇಬರು. ಮನೆಗಳ ನಕ್ಷೆ ನಾನು ಬರೆಯುತ್ತೇನೆ, ಸಹಿ ಸಾಹೇಬರು ಮಾಡುತ್ತಾರೆ. ಸೈಟಿಗೆ ಹೋಗಿ ಕಬ್ಬಿಣ ಎಣಿಸುವುದು, ಉಸುಕಿನಲ್ಲಿ ಮಣ್ಣು ಎಷ್ಟಿದೆ ಎಂದು ಮುಷ್ಟಿ ಹಿಡಿದು ನೋಡುವುದು, ಬೈಯುವುದು, ಬೈಸಿಕೊಳ್ಳುವುದು ಎಲ್ಲ ನನ್ನ ಪಾಲಿಗೆ. ಕಟ್ಟುವ ಕೆಲಸ ನಮ್ಮ ಹಿರೇ ಗೌಂಡಿಯದು. ಇಟ್ಟಿಗೆ ಕಟ್ಟುವವರಿಗೆ ನಮ್ಮ ಕಡೆ ಗೌಂಡಿ ಅನ್ನುತ್ತೇವೆ. ನಾನು ಅವನಿಗೆ ಕಾಕಾ ಅನ್ನುತ್ತೇನೆ. ಮಾಲೀಕರೆದುರು ಅವನು ನನಗೆ ಅಕ್ಕಾರ ಅನ್ನುತ್ತಾನೆ, ಚಹಾದ ಅಂಗಡಿಯಲ್ಲಿ ತಂಗಿ.

ಕಾಕಾ ಅನ್ನುವುದಕ್ಕೆ ಕಾರಣವಿದೆ. ನನ್ನ ಅವ್ವ ಇಪ್ಪತ್ತು ವರ್ಷ ಇದೇ ಕಾಕಾನ ಕೈಕೆಳಗೆ ಉಸುಕಿನ ಬುಟ್ಟಿ ಹೊತ್ತವಳು. ವಾರಕ್ಕೊಮ್ಮೆ ಸಂಜೆ ಬಟವಾಡಿಯ ಸಾಲಿನಲ್ಲಿ ನಿಂತು, ಹೆಬ್ಬೆಟ್ಟು ಒತ್ತಿ, ತಂದ ಕೂಲಿಯಲ್ಲಿ ನನ್ನನ್ನು ಓದಿಸಿದಳು. ಅವಳ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಬಗೆಯ ಜನ, ಕೂಲಿಯವರು ಮತ್ತು ಪಗಾರದವರು. "ನನ್ನ ಮಗಳಿಗೆ ಕೂಲಿ ಅಲ್ಲವಾ, ಪಗಾರ" ಎಂದು ಓಣಿಯಲ್ಲಿ ಹೇಳುವಾಗ ಅವಳ ಬೆನ್ನು ಎರಡು ಇಂಚು ನೆಟ್ಟಗಾಗುತ್ತಿತ್ತು. ಆ ಎರಡು ಇಂಚನ್ನು ಕಾಪಾಡುವುದೇ ನನ್ನ ಜೀವನವಾಗಿ ಹೋಯಿತು.

೧. ವಾರಕ್ಕ?

ನಾನು ಕೆಲಸಕ್ಕೆ ಸೇರಿದಾಗ ಪಗಾರ ಏಳು ಸಾವಿರ. ಆಗ ಕಾಕಾನ ಒಂದು ದಿನದ ಹಾಜರಿ, ಅಂದರೆ ದಿನಗೂಲಿ, ಇನ್ನೂರೈವತ್ತು. ಅವನು ತಿಂಗಳಲ್ಲಿ ಇಪ್ಪತ್ತಾರು ದಿನ ಮೈ ಮುರಿದರೂ ನನಗಿಂತ ಐದುನೂರು ಕಡಿಮೆ. ಆ ಐದುನೂರರ ಮೇಲೆ ಅವ್ವ ಒಂದು ವರ್ಷ ನಡೆದಾಡಿದಳು.

ಆದರೆ ಗೌಂಡಿಗಳದ್ದೊಂದು ಪದ್ಧತಿ ಇದೆ. ಯುಗಾದಿ ಮುಗಿದ ಮರುದಿನ ಎಲ್ಲರೂ ಒಂದು ಮರದ ಕೆಳಗೆ ಕೂಡುತ್ತಾರೆ. "ಈ ವರ್ಷ ಐವತ್ತು ಹೆಚ್ಚು" ಅಂದರೆ ಮುಗಿಯಿತು, ಊರಿಗೆಲ್ಲ ಅದೇ ರೇಟು. ನಮ್ಮಲ್ಲೂ ಒಂದು ಪದ್ಧತಿ ಇದೆ. ದೀಪಾವಳಿಗೆ ನಾನು ಕೇಳುತ್ತೇನೆ, ಸಾಹೇಬರು "ನೋಡೂಣು" ಅನ್ನುತ್ತಾರೆ. ಮುಂದಿನ ದೀಪಾವಳಿಯವರೆಗೂ ಇಬ್ಬರೂ ನೋಡುತ್ತೇವೆ.

ನಾಲ್ಕು ವರ್ಷದ ಹಿಂದೆ ಹಿಟ್ನಾಳದಲ್ಲಿ ರಸ್ತೆಯ ಪಕ್ಕ ಒಂದು ಮನೆ ನಡೆದಿತ್ತು. ಬಟವಾಡಿಯ ದಿನ ಕಾರಕೂನ ಬಂದಿರಲಿಲ್ಲ, ಹಾಜರಿ ಪುಸ್ತಕ ನನ್ನ ಕೈಗೆ ಬಂತು. ಕಾಕಾನ ಹೆಸರಿನ ಮುಂದೆ ಬರೆದದ್ದನ್ನು ಮನಸ್ಸಿನಲ್ಲೇ ತಿಂಗಳಿಗೆ ಗುಣಿಸಿದೆ. ಕಾಕಾ ನನ್ನನ್ನು ದಾಟಿ ಹೋಗಿದ್ದ. ಯಾವತ್ತು ದಾಟಿದನೋ ನನಗೆ ಗೊತ್ತೂ ಆಗಿರಲಿಲ್ಲ.

ಚಹಾ ಕುಡಿಯುವಾಗ ಅವನೇ ಕೇಳಿದ. "ನಿಂದೆಷ್ಟೈತಿ ತಂಗಿ ಈಗ?"

"ಹದಿನಾರು ಸಾವಿರ, ಕಾಕಾ."

"ಛಲೋ ಆತಲ್ಲವಾ! ವಾರಕ್ಕ ಹದಿನಾರು ಅಂದ್ರ ಸಣ್ಣ ಮಾತೇನು? ನಿಮ್ಮವ್ವ ಬುಟ್ಟಿ ಹೊತ್ತಿದ್ದಕ್ಕೂ ಸಾರ್ಥಕ ಆತು."

ನಾನು ರಸ್ತೆಯ ಮೇಲೆ ಹೋಗುವ ಲಾರಿಗಳನ್ನು ನೋಡುತ್ತ ಕುಳಿತೆ. ಮೂರು ಲಾರಿ ಹೋದ ಮೇಲೆ ಕಾಕಾನಿಗೆ ತಿಳಿಯಿತು. ಕಪ್ಪು ಕೆಳಗಿಟ್ಟು ಎದ್ದ, ಅಂಗಡಿಯವನಿಗೆ ಎರಡು ಚಹಾದ ದುಡ್ಡು ಕೊಟ್ಟ. ಅವತ್ತಿನಿಂದ ಈವರೆಗೆ ಅವನು ನನಗೆ ಚಹಾದ ದುಡ್ಡು ಕೊಡಗೊಟ್ಟಿಲ್ಲ. ನನ್ನ ಪಗಾರವೂ ಹದಿನಾರರಿಂದ ಅಲುಗಾಡಲಿಲ್ಲ.

ನನ್ನ ಆಸೆ ಅವತ್ತೇ ಗಟ್ಟಿಯಾಯಿತು. ಸರ್ಕಾರಿ ನೌಕರಿ ಬೇಡ, ಕಾರು ಬೇಡ, ಕಚೇರಿಯ ಬೋರ್ಡಿನಲ್ಲಿ ಹೆಸರೂ ಬೇಡ. ಅವ್ವನಿಗೆ ಗೊತ್ತಾಗುವ ಮೊದಲು ಗೌಂಡಿ ಸಮ ಪಗಾರ ಆದರೆ ಸಾಕು.

೨. ಮೇಲ್ಸಂಪಾದನೆ

ಕುಷ್ಟಗಿಯಲ್ಲಿ ದಾಳಿಂಬೆ ವ್ಯಾಪಾರಿಯೊಬ್ಬರ ಮನೆ. ಮುಂಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಪೂಜೆ ಮಾಡಿ ಗೌಂಡಿಗೆ ಆಯೇರಿ ಕೊಡುವುದು ನಮ್ಮ ಕಡೆಯ ರೂಢಿ. ಕಾಕಾನಿಗೆ ಧೋತರ, ಅಂಗಿಯ ಬಟ್ಟೆ, ತಲೆಗೆ ಪಟಗ, ಅದರ ಮೇಲೆ ಐದುನೂರರ ಎರಡು ನೋಟು. ಬಡಿಗನಿಗೂ ಹೆಚ್ಚುಕಡಿಮೆ ಅಷ್ಟೇ. ಆ ಬಾಗಿಲು ಎಲ್ಲಿ ನಿಲ್ಲಬೇಕು ಎಂದು ಹೇಳಿದವಳು ನಾನು. ನನಗೇನು ಕೊಡಬೇಕು ಎಂದು ಯಾವ ಹಿರಿಯರೂ ಹೇಳಿ ಹೋಗಿಲ್ಲ.

ವ್ಯಾಪಾರಿ ಹೆಂಡತಿಯ ಮುಖ ನೋಡಿದರು. ಆಕೆ ಪುಣ್ಯವಂತಿ, ಒಳಗೆ ಹೋಗಿ ಒಂದು ಖಣ, ಒಂದು ತೆಂಗಿನಕಾಯಿ ತಂದು ಉಡಿ ತುಂಬಿದರು. "ಮುತ್ತೈದಿ ಬಂದೀರಿ, ಬರಿಗೈಲೆ ಹೋಗಬಾರದ್ರಿ ಬಾಯಾರ" ಅಂದರು. ಎಂಜಿನಿಯರಿಗೆ ಏನೂ ಇಲ್ಲ, ಮುತ್ತೈದೆಗೆ ಒಂದು ಖಣ.

ಹೀಗೆ ಮನೆಗೊಂದರಂತೆ ನಮ್ಮ ಮನೆಯ ಟ್ರಂಕಿನಲ್ಲಿ ಈಗ ನಲವತ್ತಕ್ಕೂ ಹೆಚ್ಚು ಖಣ ಬಿದ್ದಿವೆ. ಕೆಂಪು, ಹಸಿರು, ನೀಲಿ, ಎಲ್ಲ ಬಣ್ಣದವು. ಒಂದು ಕುಪ್ಪಸ ಹೊಲಿಯಲು ದರ್ಜಿ ಕೇಳುವ ದುಡ್ಡಿನಲ್ಲಿ ಎರಡು ದಿನದ ಕಾಯಿಪಲ್ಯ ಬರುತ್ತದೆ, ಹಾಗಾಗಿ ಒಂದನ್ನು ಬಿಟ್ಟರೆ ಯಾವುದನ್ನೂ ಹೊಲಿಸಿಲ್ಲ.

ಆ ದೀಪಾವಳಿಗೆ ಧೈರ್ಯ ಮಾಡಿ ಸಾಹೇಬರಿಗೆ ಇದನ್ನೇ ಹೇಳಿದೆ. "ಗೌಂಡಿಗೆ ಹಾಜರಿ ಜೋಡಿ ಆಯೇರಿನೂ ಬರ್ತೈತ್ರಿ. ನನಗ ಬರೇ ಖಣ ಬರ್ತಾವು."

ಸಾಹೇಬರು ಕನ್ನಡಕ ತೆಗೆದು ಬಹಳ ಆಸಕ್ತಿಯಿಂದ ಕೇಳಿದರು. "ಎಷ್ಟು ಆಗ್ಯಾವ್ರಿ?"

"ನಲವತ್ತು ದಾಟ್ಯಾವ್ರಿ."

"ಮತ್ತ! ಮ್ಯಾಲಿನ ಗಳಿಕೆ ಅಷ್ಟೈತಿ ಅಂತ ಮೊದಲಾ ಹೇಳಬೇಕಿಲ್ಲೇನ್ರಿ? ನಾ ಸುಮ್ಮನ ಪಗಾರದ ಚಿಂತಿ ಮಾಡಕೋತ ಕುಂತಿದ್ದೆ."

೩. ಕಿನ್ನಾಳದ ಹಣ್ಣು

ಸಾಹೇಬರು ಏನೂ ಕೊಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ನಾನು ಸೇರಿ ಹತ್ತು ವರ್ಷ ತುಂಬಿದಾಗ ಒಂದು ದೊಡ್ಡ ಪೆಟ್ಟಿಗೆ ಕೊಟ್ಟರು. ಒಳಗೆ ಕಿನ್ನಾಳದ ಕಟ್ಟಿಗೆಯ ಹಣ್ಣುಗಳು. ಬಾಳೆ, ಮಾವು, ಸೀತಾಫಲ, ಬಣ್ಣ ನೋಡಿದರೆ ನೊಣ ಕೂಡಬೇಕು ಹಾಗಿದ್ದವು. ಮಾಡಿದವನ ಕೈಗೆ ನಾನು ಅವತ್ತೂ ಶರಣು, ಇವತ್ತೂ ಶರಣು.

ಅವ್ವನಿಗೆ ಕಣ್ಣು ಅಷ್ಟು ಸರಿ ಕಾಣುವುದಿಲ್ಲ. ಮಗಳ ಕಚೇರಿಯಿಂದ ಹಣ್ಣು ಬಂದಿವೆ ಎಂದು ಮಾವು ತೊಳೆದಳು, ಈಳಿಗೆಮಣೆಯ ಮುಂದೆ ಕುಳಿತಳು, ಒತ್ತಿದಳು. ಇನ್ನಷ್ಟು ಒತ್ತಿದಳು. ಆಮೇಲೆ ಹಣ್ಣನ್ನು ಕಿವಿಯ ಹತ್ತಿರ ತಂದು ಬಡಿದು ನೋಡಿ ನನ್ನ ಕಡೆ ತಿರುಗಿದಳು.

"ನಿಮ್ಮ ಸಾಹೇಬರು ಕೊಡೂದೆಲ್ಲಾ ಹಿಂಗಾ ಏನವಾ, ನೋಡಾಕಷ್ಟಾ?"

೪. ಮಾರ್ಕೆಟ್ ಕೆಡಿಸಬಾರದು

ಬೇರೆ ಕಡೆ ಕೆಲಸ ಹುಡುಕಲಿಲ್ಲವೇ ಎಂದು ನೀವು ಕೇಳಬಹುದು. ಹುಡುಕಿದೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಗೋದಾಮು ಕಟ್ಟಿಸುತ್ತಿದ್ದಾರೆ, ಎಂಜಿನಿಯರ್ ಬೇಕಂತೆ ಎಂದು ಸುದ್ದಿ ಬಂತು. ಹೊಟ್ಟೆ ನೋವು ಎಂದು ಕಚೇರಿಗೆ ರಜೆ ಹೇಳಿ ಬಸ್ಸು ಹತ್ತಿದೆ. ನಲವತ್ತು ಖಣದಲ್ಲಿ ಆ ಒಂದನ್ನು ಇದಕ್ಕೆಂದೇ ಹೊಲಿಸಿ ತೊಟ್ಟಿದ್ದೆ.

ಮಾಲೀಕರು ಕೂರಿಸಿ ಮಜ್ಜಿಗೆ ಕೊಟ್ಟರು. ನಾನು ಮಾಡಿಸಿದ ಮನೆಗಳ ಫೋಟೋ ನೋಡಿದರು, ಚೆನ್ನಾಗಿವೆ ಅಂದರು. ನನಗೆ ಒಳಗೊಳಗೇ ಖುಷಿ. ಬಾಯಿ ಬಿಟ್ಟು ಇಪ್ಪತ್ತನಾಲ್ಕು ಸಾವಿರ ಕೇಳಿದೆ.

"ಒಂದ್ ನಿಮಿಷ ಅಮ್ಮಾ" ಎಂದು ಅವರು ಫೋನು ತೆಗೆದು ತೆಲುಗಿನಲ್ಲಿ ಕ್ಷೇಮ ಕೇಳಿದರು. "ಅನ್ನಾ, ಬಾಗುನ್ನಾರಾ? ಏನಿಲ್ಲ, ನಿಮ್ಮ ಕಡೆ ಎಂಜಿನಿಯರ್ ರೇಟು ಎಷ್ಟು ಹಿಡಿದೀರಿ? ಹದಿನಾರಾ? ಹಂಗಾದ್ರ ನಾನೂ ಹದಿನಾರೇ ಹೇಳ್ತೀನಿ. ಮಾರ್ಕೆಟ್ ಕೆಡಿಸೋದು ಬ್ಯಾಡ."

ಆ ಕಡೆಯಿಂದ ಕೇಳಿದ ನಗು ನಮ್ಮ ಸಾಹೇಬರದು. ಆಮೇಲೆ ಫೋನು ನನ್ನ ಕೈಗೆ ಬಂತು. "ಹೊಟ್ಟಿ ನೋವು ಹ್ಯಾಂಗೈತ್ರಿ ಈಗ?" ಎಂದು ಸಾಹೇಬರು ಬಹಳ ಕಳಕಳಿಯಿಂದ ವಿಚಾರಿಸಿದರು.

ಎದ್ದು ಹೊರಟೆ. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಗಿರಣಿಯ ಗೇಟು ದಾಟುವಾಗ ಮಾಲೀಕರು ಹಿಂದಿನಿಂದ ಓಡಿ ಬಂದರು. ಮನಸ್ಸು ಬದಲಾಯಿತು ಅಂದುಕೊಂಡು ನಿಂತೆ.

"ಅಮ್ಮಾ, ಫೋಟೋದಲ್ಲಿ ಕಟ್ಟಡ ಭಾಳ ನೀಟಾಗಿದೆ. ಆ ಗೌಂಡಿ ನಂಬರ್ ಕೊಡ್ತೀರಾ? ಅವರು ಎಷ್ಟು ಕೇಳಿದ್ರೂ ಕೊಡ್ತೀನಿ."

೫. ಮರೆಯುವ ಕೋರ್ಸು

ಯಲಬುರ್ಗಾದ ಬಸ್‌ಸ್ಟ್ಯಾಂಡಿನಲ್ಲಿ ಕಾಯುವಾಗ ಒಬ್ಬ ತರುಣ ಎಂಜಿನಿಯರ್ ಭೇಟಿಯಾದ. ಬಿ.ಇ. ಮಾಡಿದವನು, ಯಾವುದೋ ಕಚೇರಿಯಲ್ಲಿ ಹೊರಗುತ್ತಿಗೆ. ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ನಾನು ಆ ಚೀಟಿ ನೋಡಿ ಹೊಟ್ಟೆ ಉರಿದುಕೊಂಡೆ. ಅವನು ನನ್ನ ಕೈಯಲ್ಲಿದ್ದ ನಕ್ಷೆ ನೋಡಿ ಉರಿದುಕೊಂಡ.

"ಮೇಡಂ, ನಿಮ್ಮ ಆಫೀಸ್‌ನ್ಯಾಗ ಜಾಗಾ ಐತೇನ್ರಿ?" ಅಂದ.

"ನಿಮ್ಮಲ್ಲಿ ಐತೇನು ಅಂತ ನಾ ಕೇಳೋಳಿದ್ದೆ" ಅಂದೆ.

ಏಜೆನ್ಸಿ ತನ್ನ ಪಾಲು ಹಿಡಿದುಕೊಂಡು ಅವನ ಕೈಗೆ ಬರುವುದು ಹದಿಮೂರು ಸಾವಿರ. ಅದೂ ಮೂರು ತಿಂಗಳಿಗೊಮ್ಮೆ. ಎದುರಿನ ಕಂಬಕ್ಕೆ ಒಂದು ಹಾಳೆ ಅಂಟಿಸಿದ್ದರು, "ಗೌಂಡಿಗಳು ಬೇಕಾಗಿದ್ದಾರೆ, ಊಟ ವಸತಿ ಉಂಟು." ಇಬ್ಬರೂ ಅದನ್ನೇ ಓದುತ್ತಿದ್ದೇವೆ ಎಂಬುದು ಇಬ್ಬರಿಗೂ ಗೊತ್ತಾಯಿತು. ಬಸ್ಸು ಬಂದಾಗ ಅವನು ತಗ್ಗಿದ ದನಿಯಲ್ಲಿ ಕೇಳಿದ. "ಮೇಡಂ, ಗೌಂಡಿ ಕೆಲಸ ಕಲಿಯಾಕ ಎಷ್ಟ ದಿನ ಬೇಕ್ರಿ?"

ಮರುದಿನ ಈ ಪ್ರಶ್ನೆಯನ್ನು ಕಾಕಾನ ಮುಂದಿಟ್ಟೆ. ಕಾಕಾ ತಮಾಷೆ ಮಾಡಲಿಲ್ಲ, ಇಟ್ಟಿಗೆಗೆ ನೀರು ಚಿಮುಕಿಸುತ್ತ ನಿಜವಾಗಿಯೇ ಯೋಚಿಸಿದ.

"ಏನೂ ಬರಲಾರದಾವಗ ಎರಡು ವರ್ಷ ಸಾಕವಾ. ಎಂಜಿನಿಯರ್ ಆದಾವಗ ಮೂರು ಬೇಕು. ಮೊದಲಿಂದು ಮರೀಬೇಕಲ್ಲ."

೬. ಮಾಲು ಗಟ್ಟಿಯಾಗುವ ಮೊದಲು

ಇಷ್ಟು ವರ್ಷ ಯೋಚಿಸಿ ನಾನು ಕಂಡುಕೊಂಡದ್ದು ಇದು. ಗೌಂಡಿಗೆ ರೇಟು ಏರುವುದಕ್ಕೂ ನನಗೆ ಏರದಿರುವುದಕ್ಕೂ ಕಾರಣ ಒಂದೇ, ಕಾಂಕ್ರೀಟು ಗಟ್ಟಿಯಾಗುತ್ತದೆ, ನಕ್ಷೆ ಗಟ್ಟಿಯಾಗುವುದಿಲ್ಲ. ಸ್ಲ್ಯಾಬ್ ಹಾಕುವ ದಿನ ಮಿಕ್ಸರಿನಲ್ಲಿ ಮೊದಲ ಮಾಲು ಕಲೆಸಿ ಸುರಿದ ಕೂಡಲೇ ಗೌಂಡಿಗಳು ಕೆಲಸ ನಿಲ್ಲಿಸಿ ಕೈ ಕಟ್ಟಿ ನಿಲ್ಲುತ್ತಾರೆ. "ಖುಷಿ ಮಾಡ್ರಿ ಮಾಲಕ್ರ" ಅನ್ನುತ್ತಾರೆ. ಮಾಲೀಕ ಒಮ್ಮೆ ಆಕಾಶ ನೋಡುತ್ತಾನೆ, ಒಮ್ಮೆ ಮಾಲು ನೋಡುತ್ತಾನೆ, ಆಮೇಲೆ ಜೇಬಿಗೆ ಕೈ ಹಾಕುತ್ತಾನೆ. ನನ್ನ ನಕ್ಷೆ ಆರು ತಿಂಗಳು ಮೇಜಿನ ಮೇಲೆ ಬಿದ್ದರೂ ಒಂದು ಗೆರೆ ಒಣಗುವುದಿಲ್ಲ. ನಾನು ಯಾವ ಬಲದ ಮೇಲೆ ಕೈ ಕಟ್ಟಲಿ?

ಈ ವರ್ಷ ಸಾಹೇಬರು ಕೊಪ್ಪಳದಲ್ಲಿ ತಮ್ಮ ಸ್ವಂತ ಮನೆ ಶುರು ಮಾಡಿದರು. ನಕ್ಷೆ ನನ್ನದು, ಕಟ್ಟುವವನು ಕಾಕಾ. ಸ್ಲ್ಯಾಬಿನ ದಿನ ಬೆಳಿಗ್ಗೆಯೇ ಮೋಡ ಕವಿದಿತ್ತು. ಕಾಯಿ ಒಡೆದರು, ಮಿಕ್ಸರ್ ತಿರುಗಿತು, ಮೊದಲ ಮಾಲು ಮೇಲೇರಿತು. ಕಾಕಾ ಗಾರೆ ಹಚ್ಚುವ ಕರಣಿ ಕೆಳಗಿಟ್ಟ. ಉಳಿದವರೂ ಇಟ್ಟರು.

ಸಾಹೇಬರು ನಗುತ್ತಲೇ ಬಂದರು. "ಎಷ್ಟು ಹೇಳ್ರಪಾ."

"ನಮ್ಮದೇನೂ ಇಲ್ರಿ ಸಾಹೇಬ್ರ ಈ ಸಲ" ಅಂದ ಕಾಕಾ. "ಈ ಅಕ್ಕಾರ ಪಗಾರ ಗೌಂಡಿ ಸಮ ಮಾಡ್ರಿ. ಅಷ್ಟಾದ್ರ ಸಾಕು."

ಆಣೆ ಮಾಡಿ ಹೇಳುತ್ತೇನೆ, ನನಗೆ ಇದರ ಸುಳಿವೂ ಇರಲಿಲ್ಲ.

"ಅದನ್ನ ಆಫೀಸ್‌ನ್ಯಾಗ ಮಾತಾಡೂಣು" ಎಂದರು ಸಾಹೇಬರು.

"ಆಫೀಸ್‌ನ್ಯಾಗ ಮಾಲು ಗಟ್ಟಿ ಆಗಂಗಿಲ್ರಿ."

ಸಾಹೇಬರು ಮೋಡದ ಕಡೆ ನೋಡಿದರು. ನನ್ನೊಳಗಿನ ಎಂಜಿನಿಯರ್ ಸುಮ್ಮನಿರಲಿಲ್ಲ. ಅರ್ಧ ತಾಸು ಮೀರಿದ ಮಾಲನ್ನು ಸ್ಲ್ಯಾಬಿಗೆ ಹಾಕಬಾರದು ಎಂದು ಹದಿನಾಲ್ಕು ವರ್ಷ ಬಾಯಿ ಬಡಿದುಕೊಂಡವಳು ನಾನು. ಗಡಿಯಾರ ನೋಡಿ ತಡೆಯಲಾರದೆ, "ಹದಿನೈದು ನಿಮಿಷ ಆತು" ಅಂದೆ. ನಾನು ಅಂದದ್ದು ಮಾಲಿನ ಚಿಂತೆಗೆ. ಸಾಹೇಬರು ಅದನ್ನು ಬೆದರಿಕೆ ಎಂದುಕೊಂಡರು. ನಾನು "ಇಪ್ಪತ್ತು" ಅನ್ನುವಷ್ಟರಲ್ಲಿ ಮೂಗಿನ ಮೇಲೆ ಒಂದು ಹನಿ ಮಳೆ ಬಿತ್ತು, ಅವರದೇ ಮೂಗಿನ ಮೇಲೆ.

"ಆತು ಮಾರಾಯ್ರ, ಆತು! ಗೌಂಡಿ ಸಮ ಮಾಡೀನಿ. ಎಲ್ಲಾರೂ ಕೇಳಿದ್ರಲ್ಲ? ಈಗ ಮಾಲು ಹಾಕ್ರಿ!"

ಮೂವತ್ತು ಜನ ಹೋ ಎಂದರು. ನಾನು ಸೆಂಟ್ರಿಂಗ್ ಕಂಬದ ಮರೆಗೆ ಹೋಗಿ ಅತ್ತೆ. ಮನೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ, ನಾಲ್ಕು ವರ್ಷ ಮುಚ್ಚಿಟ್ಟದ್ದನ್ನೂ ಹೇಳಿದೆ. ಅವಳು ಬೈಯಲಿಲ್ಲ. ಹೋಳಿಗೆ ಮಾಡಿ ಓಣಿಯಲ್ಲಿ ಹಂಚಿದಳು. ಆ ರಾತ್ರಿ ನಾನು ಇಪ್ಪತ್ತಾರು ದಿನವನ್ನು ಕಾಕಾನ ಈಗಿನ ಹಾಜರಿ ಒಂಬೈನೂರರಿಂದ ಗುಣಿಸಿ, ಬಂದ ಇಪ್ಪತ್ಮೂರು ಸಾವಿರದ ನಾನೂರನ್ನು ಬಾಯಲ್ಲಿ ಚಪ್ಪರಿಸುತ್ತ ಮಲಗಿದೆ.

೭. ಬಟವಾಡಿ

ಮರುದಿನ ಕಚೇರಿಗೆ ಹೋದರೆ ಪಗಾರದ ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಅಡ್ಡಗೆರೆ. ಕೇಳಿದೆ. ಸಾಹೇಬರಿಗೆ ಸಿಟ್ಟು ಇರಲಿಲ್ಲ, ಬಹಳ ಶಾಂತವಾಗಿದ್ದರು.

"ನಿಮ್ಮವರಾ ಕೇಳಿದ್ದಲ್ರೀ, ಗೌಂಡಿ ಸಮ ಅಂತ. ಮೂವತ್ತು ಮಂದಿ ಮುಂದ ಮಾತು ಕೊಟ್ಟೀನಿ, ತಪ್ಪಾಕ ಬರಂಗಿಲ್ಲ. ಗೌಂಡಿಗೆ ಪಗಾರ ಎಲ್ಲಿರ್ತೈತ್ರಿ? ಹಾಜರಿ ಇರ್ತೈತಿ. ನಿಮ್ಮ ಹೆಸರು ಆ ಪುಸ್ತಕದಾಗ ಹಚ್ಚೀನಿ. ದಿನಕ್ಕ ಒಂಬೈನೂರು, ಒಂದು ಪೈಸಾ ಕಡಿಮಿ ಇಲ್ಲ."

ಆ ವಾರದ ಕಥೆ ಕೇಳಿ. ಸ್ಲ್ಯಾಬಿನ ಮೇಲೆ ನೀರು ನಿಲ್ಲಿಸಿದ್ದಕ್ಕೆ ಎರಡು ದಿನ ಗೌಂಡಿ ಕೆಲಸ ಇಲ್ಲ, ಹಾಜರಿ ಇಲ್ಲ. ಅಮಾವಾಸ್ಯೆಗೆ ಗೌಂಡಿಗಳು ಕರಣಿ ಮುಟ್ಟುವುದಿಲ್ಲ, ಹಾಜರಿ ಇಲ್ಲ. ಒಂದು ದಿನ ಮಧ್ಯಾಹ್ನದಿಂದ ಮಳೆ, ಅರ್ಧ ಹೋಯಿತು. ಕೆಲಸವಿಲ್ಲದ ಆ ಎರಡು ದಿನವೂ ನಾನು ಕಚೇರಿಯಲ್ಲಿ ಕುಳಿತು ಯಲಬುರ್ಗಾದ ಮನೆಯೊಂದರ ಪೂರ್ತಿ ನಕ್ಷೆ ಬರೆದಿದ್ದೆ. ಅದನ್ನು ಹೇಳಿದ್ದಕ್ಕೆ ಸಾಹೇಬರು ಬೇಸರ ಮಾಡಿಕೊಂಡರು. "ನಕ್ಷಿ ಬರಿಯೂದು ಗೌಂಡಿ ಕೆಲಸ ಅಲ್ಲಲ್ರೀ. ಅದಕ್ಕ ಹಾಜರಿ ಎಲ್ಲಿಂದ ಹಾಕಲಿ?"

ಸಂತೆಯ ಹಿಂದಿನ ದಿನ ಸಂಜೆ ಬಟವಾಡಿ. ಸಾಲಿನಲ್ಲಿ ನಾನೂ ನಿಂತೆ. ಮುಂದೆ ಕಾಕಾ, ಹಿಂದೆ ಬುಟ್ಟಿ ಹೊರುವ ಹೆಣ್ಣುಮಕ್ಕಳು. ಅವ್ವ ನನ್ನನ್ನು ಹೊರಗೆ ತರಲು ಇಪ್ಪತ್ತು ವರ್ಷ ನಿಂತಿದ್ದ ಸಾಲು ಅದು. ನನ್ನ ಸರದಿ ಬಂದಾಗ ಕಾರಕೂನ ತಲೆ ಎತ್ತದೆ, ರೂಢಿಯಂತೆ ಶಾಯಿಯ ಡಬ್ಬಿಯನ್ನು ನನ್ನ ಹೆಬ್ಬೆರಳ ಕಡೆ ನೂಕಿದ. "ಸಹಿ ಮಾಡ್ತೀನ್ರಿ" ಅಂದೆ. ಮಾಡಿದೆ. ಹದಿನಾಲ್ಕು ವರ್ಷದಲ್ಲಿ ಆ ಕಚೇರಿಯ ಕೆಲಸದ ಕಾಗದದ ಮೇಲೆ ಬಿದ್ದ ನನ್ನ ಮೊದಲ ಸಹಿ ಅದು. ಎರಡೂವರೆ ಹಾಜರಿ, ಎರಡು ಸಾವಿರದ ಇನ್ನೂರೈವತ್ತು.

ಕಾಕಾ ಪಟಗ ಬಿಚ್ಚಿ ಮುಖ ಒರೆಸಿಕೊಂಡ. ಅವನಿಗೆ ನನ್ನ ಮುಖ ನೋಡಲಾಗುತ್ತಿರಲಿಲ್ಲ.

"ತಪ್ಪಾತು ತಂಗಿ. ಸಾಹೇಬ್ರ ಮನಿ ಮ್ಯಾಲಿನ ಮಾಳಗಿ ಸ್ಲ್ಯಾಬು ಇನ್ನೂ ಐತಿ. ಆವಾಗ ಮತ್ತ ಕರಣಿ ಕೆಳಗ ಇಡೂಣು. ನಿನ್ನ ಪಗಾರ ಇಳಿಸ್ರಿ ಅಂತ ಕೇಳೂಣು."

ನಕ್ಕೆವೋ ಅತ್ತೆವೋ, ಸಾಲಿನಲ್ಲಿದ್ದವರಿಗೆ ಗೊತ್ತಾಗಲಿಲ್ಲ.

ಮನೆಯಲ್ಲಿ ಅವ್ವ ಬಾಗಿಲಲ್ಲೇ ಕುಳಿತಿದ್ದಳು. ದುಡ್ಡು ಅವಳ ಕೈಗಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವಳು ನೋಟುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಬಟವಾಡಿಯ ದುಡ್ಡಿನ ಗುರುತು ಅವಳಿಗೆ ನನಗಿಂತ ಚೆನ್ನಾಗಿದೆ. ಅವಳ ಎದೆ ಒಡೆಯಿತು ಅಂದುಕೊಂಡು ನಾನು ಹತ್ತಿರ ಹೋಗಿ ಕುಳಿತೆ.

"ಮೊದಲನೇ ವಾರಾನ ನಿನಗ ದಿನಕ್ಕ ಪೂರ್ತಿ ಒಂಬೈನೂರು ಹಿಡದಾರೇನು?" ಎಂದಳು.

"ಹೂಂ, ಪೂರ್ತಿ."

ಅವ್ವನ ಬೆನ್ನು ಮೆಲ್ಲಗೆ ಎರಡು ಇಂಚು ನೆಟ್ಟಗಾಯಿತು.

"ನಾ ಹೊಸದಾಗಿ ಹೋದಾಗ ಅರ್ಧಾ ಕೂಲಿ ಹಿಡಿತಿದ್ರವಾ. ಅದಕ್ಕಾ ನಿನ್ನ ಓದಿಸಿದ್ದು."